ಮಿಂಚುಳ್ಳಿಯ ಹಿಂದಿನ ಸೀಟು

ಭಾನುವಾರ ಬೆಳಿಗ್ಗೆ ಹತ್ತೂಕಾಲಿಗೆ, ಮಿಂಚುಳ್ಳಿ ಕಾರಿನ ಹಿಂದಿನ ಸೀಟಿನ ನಡುಮಧ್ಯೆ ಕುಳಿತಿದ್ದ ಪಶುಪತಿಯವರು ತಮ್ಮ ಎರಡೂ ಪಾದಗಳನ್ನು ಎತ್ತಿ, ಸ್ವಲ್ಪ ಹೊತ್ತು ಹಾಗೇ ಹಿಡಿದು, ಮತ್ತೆ ಕೆಳಗಿಟ್ಟರು. ಅವರ ಎಡಕ್ಕೆ ನಾನಿದ್ದೆ, ಬಲಕ್ಕೆ ವಾಗ್ದೇವಿ ಇದ್ದರು. ಕಾರು ಓಡಿಸುತ್ತಿದ್ದವನು ಸುಧನ್ವ, ಅಂದರೆ ಪಶುಪತಿಯವರ ಅಳಿಯನಾಗಬೇಕಿದ್ದ ಹುಡುಗ. ಅವನ ಪಕ್ಕದಲ್ಲಿ ಅವನ ಅಜ್ಜಿ ತುಂಗಮ್ಮ. ಕಾರು ಆಗಷ್ಟೇ ಪಶುಪತಿಯವರ ಬೀದಿ ದಾಟಿ ಕೆರೆ ರಸ್ತೆಗೆ ತಿರುಗಿತ್ತು. ರಸ್ತೆಯಲ್ಲಿ ಗುಂಡಿ ಇರಲಿಲ್ಲ. ಯಾರೂ ಬ್ರೇಕ್ ಹಾಕಿರಲಿಲ್ಲ. ಕಾಲೆತ್ತಲು ಯಾವ ಕಾರಣವೂ ಇರಲಿಲ್ಲ.

ನಾನು ಬಗ್ಗಿ ನೋಡಿದೆ. ಅವರ ಎರಡು ಪಾದಗಳ ನಡುವೆ, ನೆಲಹಾಸಿನ ಅಡಿಯಲ್ಲಿ, ಗೇಣಿಗಿಂತ ಸ್ವಲ್ಪ ಕಡಿಮೆ ಎತ್ತರದ ಉಬ್ಬೊಂದು ಮುಂದಿನಿಂದ ಹಿಂದಕ್ಕೆ ಉದ್ದಕ್ಕೂ ಮಲಗಿತ್ತು. ಪಶುಪತಿಯವರು ಅದರ ಆಚೆಗೊಂದು ಈಚೆಗೊಂದು ಕಾಲು ಹಾಕಿ, ಕುದುರೆ ಏರಿದವರಂತೆ ಕುಳಿತಿದ್ದರು. ಅವರ ಮುಖದಲ್ಲಿ ಮದುಮಗಳ ತಂದೆಯ ಕಳೆ ಇರಲಿಲ್ಲ.

ನಮ್ಮೂರಲ್ಲಿ ಸಂಬಂಧ ನೋಡುವಾಗ ಮೊದಲು ಕೇಳುವುದು ತಳ. ಕಂಪನಿಯವರು ಪ್ಲಾಟ್‌ಫಾರ್ಮ್ ಎಂದು ಕರೆಯುವುದನ್ನು ನಾವು ತಳ ಎನ್ನುತ್ತೇವೆ. ಕಾರಿನ ಮೈ, ಬಣ್ಣ, ಹೆಸರು ಎಲ್ಲ ಕಳಚಿದ ಮೇಲೆ ಚಕ್ರಗಳ ನಡುವೆ ಏನು ಉಳಿಯುತ್ತದೋ ಅದು. ಒಂದೇ ತಳದ ಮೇಲೆ ನಾಲ್ಕಾರು ಕಾರು ಕಟ್ಟುತ್ತಾರೆ. ಒಂದಕ್ಕೆ ಡಿಕ್ಕಿ ಕೊಡುತ್ತಾರೆ, ಒಂದನ್ನು ಎತ್ತರಿಸುತ್ತಾರೆ, ಒಂದಕ್ಕೆ ಕೋಪದ ಕಣ್ಣು ಬರೆಯುತ್ತಾರೆ. ಮೇಲೆ ಏನೇ ಇರಲಿ, ತಳ ಒಂದೇ ಆದರೆ ಆ ಮನೆಗಳು ಅಣ್ಣತಮ್ಮಂದಿರ ಮನೆಗಳು. ಅಲ್ಲಿಂದ ಹೆಣ್ಣು ತರುವಂತಿಲ್ಲ, ಅಲ್ಲಿಗೆ ಕೊಡುವಂತಿಲ್ಲ. ಒಂದು ಕಾರು ಗುಜರಿಗೆ ಹೋದರೆ ಅದೇ ತಳದ ಎಲ್ಲ ಮನೆಗಳಲ್ಲೂ ಸೂತಕ. ಆ ದಿನ ಒಗ್ಗರಣೆ ಸದ್ದು ಕೇಳುವುದಿಲ್ಲ. ಗೌರಿ ಹಬ್ಬಕ್ಕೆ ತಳದ ತಂಗಿಯರಿಗೆ ಬಾಗಿನ ಕಳಿಸಬೇಕು. ಕಾರಿಲ್ಲದವರು ಯಾವ ಮನೆಯೊಂದಿಗಾದರೂ ಸಂಬಂಧ ಬೆಳೆಸಬಹುದು. ಅದಕ್ಕೇ ಊರಿನ ಅನುಕೂಲವಂತರು ಅವರನ್ನು ಕಂಡು ಹೊಟ್ಟೆ ಉರಿದುಕೊಳ್ಳುತ್ತಾರೆ. ಕಾರು ಬದಲಿಸಿದರೆ ತಳವೂ ಬದಲಾಗುತ್ತದೆ, ಅದಕ್ಕೆ ಅಡ್ಡಿಯಿಲ್ಲ. ಆದರೆ ಎರಡು ಮನೆಗಳ ನಡುವೆ ಮದುವೆಯ ಮಾತು ಎದ್ದ ಮೇಲೆ ಬದಲಿಸಿದರೆ ನಡೆಯುವುದಿಲ್ಲ. ಮಾತೆದ್ದ ದಿನ ಅಂಗಳದಲ್ಲಿ ಯಾವುದು ನಿಂತಿತ್ತೋ ಅದೇ ಲೆಕ್ಕ, ಆ ಎರಡು ಮನೆಗಳ ಮಟ್ಟಿಗೆ ಕೊನೆಯವರೆಗೂ.

ಯಾವ ಕಾರು ಯಾವ ತಳದ್ದು ಎಂದು ಹೇಳುವವರು ಊರಿನಲ್ಲಿ ಪಶುಪತಿಯವರೊಬ್ಬರೇ. ವೃತ್ತಿಯಲ್ಲಿ ಅವರಿಗೆ ಪೇಟೆ ಬೀದಿಯಲ್ಲಿ ಕನ್ನಡಕದ ಅಂಗಡಿ. ನಮ್ಮ ದಿನಪತ್ರಿಕೆಗೆ ವಾರಕ್ಕೊಮ್ಮೆ ಕಾರುಗಳ ಬಗ್ಗೆ ಅಂಕಣ ಬರೆಯುತ್ತಾರೆ. ಅದನ್ನು ತಿದ್ದಿ ಪುಟಕ್ಕೆ ಹಾಕುವವನು ನಾನು. ತಿದ್ದುವುದು ಎಂದೆನಷ್ಟೆ, ಅಲ್ಪವಿರಾಮ ಕದಲಿದರೂ ಅವರು ಫೋನ್ ಮಾಡುತ್ತಾರೆ. 'ಸುಮಾರು' ಎಂಬ ಪದವನ್ನು ಅವರ ಅಂಕಣದಲ್ಲಿ ನಾನು ಈವರೆಗೆ ಕಂಡಿಲ್ಲ. ಆದರೆ ಅಭಿಪ್ರಾಯಕ್ಕೆ ಬರವಿಲ್ಲ. ಈಗಿನ ಕಾರುಗಳೆಲ್ಲ ಹಲ್ಲು ಕಡಿಯುತ್ತ ಹುಟ್ಟುತ್ತಿವೆ, ತರಕಾರಿ ತರಲು ಹೋಗುವವನಿಗೆ ಇಷ್ಟು ಸಿಟ್ಟು ಯಾಕೆ ಎಂದು ಬರೆದವರು ಅವರು. ಎಲೆಕ್ಟ್ರಿಕ್ ಕಾರಿನ ಮುಂಭಾಗದ ದೊಡ್ಡ ಜಾಲರಿಯನ್ನು ಮುಚ್ಚಿದ ಬಾವಿಗೆ ಕಟ್ಟಿದ ರಾಟೆ ಎಂದು ಕರೆದವರೂ ಅವರೇ. ಬಾಗಿಲ ಹಿಡಿಕೆಯನ್ನು ಬಾಗಿಲೊಳಗೇ ಬಚ್ಚಿಡುವ ವಿನ್ಯಾಸಕಾರರ ಬಗ್ಗೆ ಅವರು ಬರೆದದ್ದರಲ್ಲಿ ಎರಡು ವಾಕ್ಯವನ್ನು ನಾನು ಕೈಬಿಡಬೇಕಾಯಿತು; ಆ ವಿಷಯಕ್ಕೆ ಒಂದು ತಿಂಗಳು ನನ್ನೊಂದಿಗೆ ಮಾತು ಬಿಟ್ಟಿದ್ದರು. ರೇಡಿಯೋ ದನಿ ತಗ್ಗಿಸಲು ಗಾಜಿನ ಪರದೆ ತೀಡಬೇಕಾದ ಕಾರನ್ನು ಅವರು ಕಾರು ಎಂದು ಒಪ್ಪುವುದಿಲ್ಲ, ಟೀವಿಗೆ ಚಕ್ರ ಹಾಕಿದ್ದಾರೆ ಎನ್ನುತ್ತಾರೆ.

ಎಲೆಕ್ಟ್ರಿಕ್ ಕಾರುಗಳಲ್ಲಿ ಅವರ ಪ್ರಕಾರ ಎರಡೇ ಜಾತಿ. ಒಂದು, ಹುಟ್ಟಾ ಎಲೆಕ್ಟ್ರಿಕ್: ಊಟದ ಮಣೆಯಂಥ ಚಪ್ಪಟೆ ತಳ, ಒಳಗೆ ಬ್ಯಾಟರಿ, ನಾಲ್ಕು ಮೂಲೆಗೆ ನಾಲ್ಕು ಚಕ್ರ. ಇನ್ನೊಂದು, ಪೆಟ್ರೋಲ್ ಕಾರಿನ ಹಳೆಯ ತಳದಿಂದ ಎಂಜಿನ್ ಇಳಿಸಿ, ಸಿಕ್ಕ ಸಿಕ್ಕ ಸಂದಿಗೆ ಬ್ಯಾಟರಿ ತುರುಕಿದ್ದು; ಇದಕ್ಕೆ ಅವರಿಟ್ಟ ಹೆಸರು ಬಾಡಿಗೆಮನೆ ಎಲೆಕ್ಟ್ರಿಕ್. ಮೊದಲನೆಯದು ಅವರಿಗೆ ಇಷ್ಟ, ಆದರೆ ಭಯ. "ಎಲ್ಲ ಕಂಪನಿಗಳೂ ಒಂದೇ ಮಣೆ ಕೊಂಡ್ಕೊಂಡು ಮೇಲೆ ಬೇರೆ ಬೇರೆ ಮುಚ್ಚಳ ಹಾಕೋಕೆ ಶುರು ಮಾಡಿದಾವೆ. ಇನ್ನು ಸ್ವಲ್ಪ ವರ್ಷ, ಊರಿಗೆ ಊರೇ ಒಂದು ಮಣೆ ಮೇಲೆ ಕೂತಿರುತ್ತೆ. ಆಮೇಲೆ ಯಾರಿಗೆ ಯಾರು ಹೆಣ್ಣು ಕೊಡೋದು?" ಎಂದು ಅಂಗಡಿಗೆ ಬಂದವರ ಕಣ್ಣಿಗೆ ಗಾಜು ಹಿಡಿದುಕೊಂಡೇ ಕೇಳುತ್ತಿದ್ದರು. ಎರಡನೆಯದರ ಬಗ್ಗೆ ಅವರಿಗೆ ಬರೀ ತಿರಸ್ಕಾರ. ಅದನ್ನು ಗುರುತಿಸುವ ಬಗೆಯನ್ನೂ ಬರೆದಿದ್ದರು: ಹಿಂದಿನ ಸೀಟಿನ ನಡುವೆ ಕಾಲಿಡುವಲ್ಲಿ ಉಬ್ಬು ಇದೆಯೇ ನೋಡಿ. ಪೆಟ್ರೋಲ್ ಕಾರಿನಲ್ಲಿ ಹೊಗೆ ಕೊಳವೆ ಅದರ ಕೆಳಗಿಂದ ಹಾದು ಹೋಗುತ್ತದೆ. ಹೊಗೆಯೇ ಇಲ್ಲದ ಕಾರಿಗೆ ಉಬ್ಬು ಯಾಕೆ?

ಆ ಉಬ್ಬಿನ ಆಚೆ ಈಚೆ ಕಾಲು ಹಾಕಿಕೊಂಡು ಈಗ ಅವರೇ ಕುಳಿತಿದ್ದರು.

ಇಲ್ಲಿಯವರೆಗೆ ಬಂದದ್ದು ಹೀಗೆ. ಪಶುಪತಿಯವರ ಮಗಳು ಇಳಾ ಅಂಗಡಿಯ ಹಿಂದಿನ ಕೋಣೆಯಲ್ಲಿ ಕಣ್ಣು ತಪಾಸಣೆ ಮಾಡುತ್ತಾಳೆ. ಬೇಕರಿ ನಡೆಸುವ ಸುಧನ್ವ ಒಂದೇ ವರ್ಷದಲ್ಲಿ ನಾಲ್ಕು ಸಲ ಕಣ್ಣು ತೋರಿಸಿಕೊಂಡ. ನಂಬರು ಬದಲಾಗಲಿಲ್ಲ, ಆದರೂ ಬಂದ. ಅವನ ಮನೆಯಲ್ಲಿ ಆಗ ಇದ್ದದ್ದು ತಾವರೆ ಕಾರು. ಪಶುಪತಿಯವರ ಮನೆಯದು ಗರಿಕೆ. ಎರಡೂ ಒಂದೇ ಕಂಪನಿಯವು, ಒಂದೇ ತಳದವು. ಅದು ಊರಿನ ಮಕ್ಕಳಿಗೂ ಗೊತ್ತು. ಇಳಾ ಮಾತು ಏಳದಂತೆ ಬಾಯಿ ಮುಚ್ಚಿಕೊಂಡಳು. ಮೊದಲು ಕಾರು ಬದಲಿಸು, ಆಮೇಲೆ ಹಿರಿಯರನ್ನು ಕಳಿಸು ಎಂದು ಅವನಿಗೆ ಹೇಳಿದಳು. ಯಾವ ಕಾರು ಕೊಳ್ಳಲಿ ಎಂದು ಅವನು ಕೇಳಿದ್ದು ಯಾರನ್ನು? ಪಶುಪತಿಯವರನ್ನೇ. ಅವರು ಓದುಗನೊಬ್ಬ ಶ್ರದ್ಧೆಯಿಂದ ಕೇಳುತ್ತಿದ್ದಾನೆಂದು ಹಿಗ್ಗಿ, ಮಿಂಚುಳ್ಳಿ ಕೊಳ್ಳಪ್ಪ, ಬೇರೆ ಕಂಪನಿ, ಬೇರೆ ತಳ, ಹುಟ್ಟಾ ಎಲೆಕ್ಟ್ರಿಕ್ ಎಂದರು. ಆ ಕಾರಿನ ಬಗ್ಗೆ ಅವರು ಅಂಕಣವನ್ನೂ ಬರೆದಿದ್ದರು. ಮೂಗು ಗಿಡ್ಡ, ಹೊಟ್ಟೆ ಉದ್ದ, ಚಕ್ರಗಳು ಮೂಲೆಯಲ್ಲಿ, ಸುಳ್ಳು ಜಾಲರಿಯಿಲ್ಲ, ದನಿ ತಗ್ಗಿಸಲು ತಿರುಗಿಸುವ ಗುಂಡಿಯಿದೆ. ಇಂಥದೊಂದು ಗೆರೆ ಎಳೆದವನ ಕೈಗೆ ಮುತ್ತಿಡಬೇಕು ಎಂದಿದ್ದರು. ಅವರ ಇಷ್ಟು ವರ್ಷದ ಬರವಣಿಗೆಯಲ್ಲಿ ಮುತ್ತು ಎಂಬ ಪದ ಬಂದದ್ದು ಅದೊಂದೇ ಸಲ. ಷೋರೂಮಿನವರು ಕೊಟ್ಟ ಕಾರನ್ನು ಅವರು ಇಡೀ ದಿನ ಓಡಿಸಿ ನೋಡಿದ್ದರು. ಹಿಂದಿನ ಸೀಟಿನಲ್ಲಿ ಕುಳಿತು ನೋಡಿರಲಿಲ್ಲ. ಕಾರನ್ನು ಪ್ರೀತಿಸುವವರು ಯಾರೂ ಹಿಂದೆ ಕೂರುವುದಿಲ್ಲ.

ಸುಧನ್ವ ತಾವರೆ ಮಾರಿ ಮಿಂಚುಳ್ಳಿ ತಂದ. ಮುಂದಿನ ವಾರ ತುಂಗಮ್ಮನವರು ಬಾಳೆಹಣ್ಣು, ಬೆಣ್ಣೆ ಬಿಸ್ಕತ್ತು ಹಿಡಿದು ಪಶುಪತಿಯವರ ಮನೆಗೆ ಬಂದು ಮಾತು ಎತ್ತಿದರು. ಪಶುಪತಿಯವರಿಗೆ ಆಗ ಎಲ್ಲ ಅರ್ಥವಾಗಿ, ಮಗಳು ತಮ್ಮಿಂದಲೇ ತಮ್ಮ ಅಳಿಯನಿಗೆ ಕಾರು ಆರಿಸಿಸಿದಳೆಂದು ಊರೆಲ್ಲ ಹೇಳಿಕೊಂಡು ತಿರುಗಿದರು. ಇನ್ನು ಉಳಿದದ್ದು ಸುತ್ತು ಬರುವ ಶಾಸ್ತ್ರ. ಹೆಣ್ಣಿನ ತಂದೆ ಗಂಡಿನ ಕಾರಿನ ಹಿಂದಿನ ನಡುಸೀಟಿನಲ್ಲಿ ಕೂರಬೇಕು. ಇಬ್ಬದಿಗೂ ಎರಡು ಮನೆಗೂ ಸೇರದ ಒಬ್ಬ ಗಂಡಸು, ಒಬ್ಬ ಹೆಂಗಸು ಸಾಕ್ಷಿಗೆ ಕೂರಬೇಕು. ಕೆರೆ ಸುತ್ತಿ ಬರಬೇಕು. ಬಾಗಿಲಲ್ಲಿ ಇಳಿದು ತಂದೆ "ತಳ ಬೇರೆ" ಎನ್ನಬೇಕು. ಆಮೇಲೆ ಆರತಿ. ಸಾಕ್ಷಿಗೆ ಪತ್ರಿಕೆಯ ಕಚೇರಿಯಿಂದ ನನ್ನನ್ನೂ ವಾಗ್ದೇವಿಯವರನ್ನೂ ಪಶುಪತಿಯವರು ಕರೆದಿದ್ದರು.

ವಾಗ್ದೇವಿ ನಮ್ಮಲ್ಲಿ ಕರಡು ತಿದ್ದುವವರು. ನನ್ನ ಮೇಜಿನ ಎದುರು ಅವರ ಮೇಜು. ಆರು ವರ್ಷದ ಹಿಂದೆ ನಮ್ಮ ಎರಡು ಮನೆಗಳ ನಡುವೆಯೂ ಮಾತು ಎದ್ದಿತ್ತು. ನನ್ನದು ಬಂಡೆ ಎಂಬ ಎತ್ತರದ ಡಬ್ಬದಂಥ ಕಾರು, ಅವರದು ಪಲ್ಲಕ್ಕಿ ಎಂಬ ಉದ್ದನೆಯ ಸೆಡಾನ್. ಎರಡಕ್ಕೂ ಒಂದು ಬೋಲ್ಟಿನಷ್ಟೂ ಹೋಲಿಕೆಯಿಲ್ಲ ಎಂದು ಎಲ್ಲರೂ ಅಂದುಕೊಂಡಿದ್ದಾಗ ಪಶುಪತಿಯವರು ನನ್ನ ಕಾರಿನ ಕೆಳಗೆ ಕಾಲು ಗಂಟೆ ಮಲಗಿ ಎದ್ದು, "ತಳ ಒಂದೇ" ಎಂದರು. ಅಂದಿನಿಂದ ವಾಗ್ದೇವಿ ನನ್ನನ್ನು ಅಣ್ಣ ಎನ್ನುತ್ತಾರೆ. ಪ್ರತಿ ಗೌರಿ ಹಬ್ಬಕ್ಕೂ ನಾನು ಅವರಿಗೆ ಮೊರದ ಬಾಗಿನ ಕಳಿಸುತ್ತೇನೆ. ಹಬ್ಬದ ಮರುದಿನ ಅವರು ತಲೆಯೆತ್ತದೆ, ಕರಡಿನ ಮೇಲೆ ಪೆನ್ನು ಆಡಿಸುತ್ತ, "ಈ ಸಲ ಬಾಗಿನದಲ್ಲಿ ಬೆಲ್ಲ ಕಮ್ಮಿ ಇತ್ತು, ಅಣ್ಣಾ" ಎನ್ನುತ್ತಾರೆ. ಆ ಕೊನೆಯ ಪದವನ್ನು ಅವರು ಸ್ವಲ್ಪ ಎಳೆಯುತ್ತಾರೆ. ನಾನಾಗಲಿ ಅವರಾಗಲಿ ಬೇರೆ ಮದುವೆ ಮಾಡಿಕೊಳ್ಳಲಿಲ್ಲ. ಇದಿಷ್ಟು ಸಂಗತಿ.

ಪಶುಪತಿಯವರು ಎರಡನೇ ಸಲ ಕಾಲೆತ್ತಿದಾಗ ತುಂಗಮ್ಮ ಹಿಂದೆ ತಿರುಗಿದರು.

"ಯಾಕೆ ಬೀಗರೇ, ಕಾಲು ಜೋಮು ಹಿಡೀತಾ?"

"ಇನ್ನೂ ಬೀಗರಾಗಿಲ್ಲಮ್ಮ."

"ಸುತ್ತು ಮುಗಿದ ಮೇಲೆ ಆಗೋದೇ ಅಲ್ವಾ? ನಾನು ಮುಂಗಡವಾಗಿ ಕರೀತಾ ಇದ್ದೀನಿ, ಬಾಯಿಗೆ ಅಭ್ಯಾಸ ಆಗ್ಲಿ ಅಂತ."

"ಸುಧನ್ವ, ಏರಿ ಹತ್ರ ಸ್ವಲ್ಪ ನಿಲ್ಲಿಸಪ್ಪ," ಎಂದರು ಪಶುಪತಿ.

"ಶಾಸ್ತ್ರದ ನಡುವೆ ನಿಲ್ಲಿಸಬಾರದು ಅಂತಾರಲ್ಲ ಸರ್?"

"ನಿಲ್ಲಿಸೋ," ಎಂದರು ತುಂಗಮ್ಮ. "ವಯಸ್ಸಾದವರಿಗೆ ಅವಸರ ಇರುತ್ತೆ. ನಿನ್ನ ತಾತನೂ ಹೀಗೇ, ಎಲ್ಲಿ ಹೊರಟರೂ ಮೂರು ಕಡೆ ಇಳೀಬೇಕು."

ಪಶುಪತಿಯವರು ಇಳಿದರು. ಮರದ ಮರೆಗೆ ಹೋಗಲಿಲ್ಲ. ಜರತಾರಿ ಪಂಚೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಶಲ್ಯವನ್ನು ವಾಗ್ದೇವಿಯವರ ಕೈಗೆ ಕೊಟ್ಟು, ಮಣ್ಣಿನ ಮೇಲೆ ಅಂಗಾತ ಮಲಗಿ ಕಾರಿನಡಿಗೆ ಸರಿದರು. "ಶ್ರೀಕಂಠ, ಮೊಬೈಲ್ ಟಾರ್ಚ್ ಹಿಡಿ ಬಾ" ಎಂಬ ದನಿ ಕೆಳಗಿಂದ ಬಂತು. ಶ್ರೀಕಂಠ ನಾನು. ಹೋಗಿ ಪಕ್ಕದಲ್ಲಿ ಮಂಡಿಯೂರಿದೆ.

"ಇಲ್ಲಿ ನೋಡು. ಎರಡು ತೂತು, ರಬ್ಬರ್ ಹಾಕಿ ಮುಚ್ಚಿದಾರೆ. ಸೈಲೆನ್ಸರ್ ತೂಗುಹಾಕೋ ತೂತು ಇವು. ಕರೆಂಟಿನ ಕಾರಿಗೆ ಸೈಲೆನ್ಸರ್ ಯಾಕೋ? ಈಗ ಹಿಂದಿನ ಚಕ್ರದ ತೋಳು ನೋಡು. ಇಲ್ಲಿ ಬೆರಳಿಟ್ಟು ನೋಡು, ಈ ಮಡಿಕೆ. ಎಷ್ಟು ಭಾನುವಾರ ನಮ್ಮ ಗರಿಕೆ ಹೊಟ್ಟೆಯಡಿ ಮಲಗಿ ಇದೇ ಮಡಿಕೆಗೆ ತಲೆ ಹೊಡಿಸಿಕೊಂಡಿದೀನಿ." ಟಾರ್ಚಿನ ಬೆಳಕಿನಲ್ಲಿ ಅವರ ಹಣೆಯ ಮೇಲೆ ಗ್ರೀಸಿನ ಬೊಟ್ಟೊಂದು ಕಂಡಿತು. "ಬಾಡಿಗೆಮನೆ. ಅದೂ ನಮ್ಮನೇನೇ ಬಾಡಿಗೆಗೆ ಹಿಡಿದಿದಾರೆ. ಅಂದಕ್ಕೆ ಮರುಳಾಗಬೇಡಿ ಅಂತ ಊರಿಗೆಲ್ಲ ಬರೆದವನು ನಾನು, ಒಂದು ಗೆರೆಗೆ ಬಿದ್ದುಹೋದೆ ಕಣೋ."

"ಸರ್," ಎಂದೆ, "ಇದನ್ನ ಓದಬಲ್ಲವರು ಊರಲ್ಲಿ ನೀವೊಬ್ಬರೇ."

ಅದನ್ನು ನಾನು ಯಾವ ಅರ್ಥದಲ್ಲಿ ಹೇಳಿದೆನೆಂದು ಅವರಿಗೆ ಗೊತ್ತಾಯಿತು. ಕಾರಿನಡಿಯಿಂದ ಕತ್ತು ಹೊರಳಿಸಿ ನನ್ನನ್ನು ನೋಡಿದರು.

"ನಿನ್ನ ಬಂಡೆ ಕೆಳಗೂ ಹೀಗೇ ಮಲಗಿದ್ದೆ. ಅವತ್ತು ನಾನು ಸುಮ್ಮನೆ ಎದ್ದು ಬಂದಿದ್ರೆ ಯಾರಿಗೂ ತಿಳೀತಿರ್ಲಿಲ್ಲ. ಇವತ್ತು ನೀವಿಬ್ರೂ ಎರಡು ಕಡೆ, ನಾನು ನಡುವೆ. ಅಲ್ಲಿ ಕೂತ್ಕೊಂಡು, ನಿಮಗೊಂದು ನನ್ನ ಮಗಳಿಗೊಂದು ಅಂತ ಹೇಗೆ ಹೇಳ್ಲಿ?"

ಅವರು ಹೊರಗೆ ಸರಿದು ಬಂದು ಎದ್ದು ನಿಂತರು. ಬೆನ್ನಿಗೆಲ್ಲ ಕೆಮ್ಮಣ್ಣು ಮೆತ್ತಿತ್ತು. ಸುಧನ್ವ ಇಳಿದು ಬಂದಿದ್ದ. ತುಂಗಮ್ಮ ಬಾಗಿಲು ತೆರೆದುಕೊಂಡು ಸೀಟಿನಲ್ಲೇ ಕುಳಿತು ಎಲೆಗೆ ಸುಣ್ಣ ಸವರುತ್ತಿದ್ದರು. ಪಶುಪತಿಯವರು ಸುತ್ತಿ ಬಳಸಿ ಹೇಳುವವರಲ್ಲ. "ತಳ ಒಂದೇ," ಎಂದರು.

ಸುಧನ್ವ ಕಾರನ್ನೊಮ್ಮೆ, ಅವರನ್ನೊಮ್ಮೆ ನೋಡಿದ. "ನೀವೇ ಹೇಳಿದ್ದು ಸರ್."

"ಹೌದು."

"ಹುಟ್ಟಾ ಎಲೆಕ್ಟ್ರಿಕ್ ಅಂತ ಬರೆದಿದ್ರಿ. ನಾನದನ್ನ ಕತ್ತರಿಸಿ ಬೇಕರಿ ಗೋಡೆಗೆ ಅಂಟಿಸಿದೀನಿ."

"ಕಿತ್ತುಹಾಕು. ತಪ್ಪು."

"ಎಂಜಿನ್ ಇಲ್ಲ, ಗೇರ್ ಇಲ್ಲ, ಟ್ಯಾಂಕ್ ಇಲ್ಲ. ಇಷ್ಟೆಲ್ಲ ತೆಗೆದ ಮೇಲೂ ಅದೇ ತಳ ಹೇಗಾಗುತ್ತೆ ಸರ್? ಉದ್ದ ಕೂಡ ಜಾಸ್ತಿ ಇದೆ."

"ನಡುವೆ ತುಂಡು ಸೇರಿಸಿ ಎಳೆದಿದಾರೆ. ಅಂಗಿ ಹೊಲಿಗೆ ಬಿಚ್ಚಿ ಅಗಲ ಮಾಡಿದ್ರೆ ಅಂಗಿ ಬೇರೆ ಆಗುತ್ತಾ? ಚಕ್ರ ಹಿಡಿದಿರೋ ಜಾಗ ಅದೇ, ಕಾಲಿಡೋ ಜಾಗ ಅದೇ. ಕಂಪನಿಯೋರು ಹೊಸದು ಅಂತಾರೆ. ಇಷ್ಟು ವರ್ಷ ನಾನು ಅವರನ್ನ ಬೈದಿರೋದೇ ಇದಕ್ಕೆ. ಈಗ ನನ್ನ ಮಗಳ ಮದುವೆ ಅಂತ ಅವರ ಮಾತನ್ನೇ ನಾನು ಆಡೋಕಾಗಲ್ಲಪ್ಪ." ಅಷ್ಟು ಹೇಳಿ ಅವರು ಕೆರೆಯ ಕಡೆ ಮುಖ ತಿರುಗಿಸಿದರು. ಸುಧನ್ವ ಕಾರಿನ ಬಾನೆಟ್ ಮೇಲೆ ಎರಡೂ ಕೈಯೂರಿ ತಲೆ ತಗ್ಗಿಸಿ ನಿಂತ. ಮಾತು ಎದ್ದಾಗಿತ್ತು, ಇನ್ನು ಅವನು ಯಾವ ಕಾರು ತಂದರೂ ಆ ಮನೆಗೆ ಮಿಂಚುಳ್ಳಿಯವನೇ. ವಾಗ್ದೇವಿ ಮಡಿಸಿದ ಶಲ್ಯವನ್ನು ಮತ್ತೆ ಬಿಚ್ಚಿ ಮತ್ತೆ ಮಡಿಸಿದರು.

ತುಂಗಮ್ಮ ಎಲೆಯನ್ನು ದವಡೆಗೆ ಸೇರಿಸಿಕೊಂಡರು. "ಬೀಗರೇ, ನಂಗೆ ಕಾರಿನ ವಿಷಯ ಗೊತ್ತಿಲ್ಲ. ಒಂದೆರಡು ಕೇಳ್ಲಾ?"

"ಕೇಳಿ ಅಮ್ಮ."

"ನಿಮ್ಮ ಗರಿಕೆಯೂ ನಮ್ಮ ಈ ಕಾರೂ ಒಂದೇ ಮನೇಲಿ ಹುಟ್ಟಿದ್ದಾ?"

"ಇಲ್ಲ. ಕಂಪನಿ ಬೇರೆ ಬೇರೆ. ತಳ ಮಾತ್ರ ಒಂದೇ."

"ಈ ತಳ ಮೊದಲು ಯಾರ ಮನೇದು?"

"ಗರಿಕೆ ಕಂಪನಿಯವರೇ ಕಟ್ಟಿದ್ದು."

"ಹಾಗಾದ್ರೆ ಈ ಮನೆಗೆ ಹೇಗೆ ಬಂತು? ಕದ್ದುಕೊಂಡು ಬಂದ್ರಾ?"

"ಅಯ್ಯೋ, ಇಲ್ಲಮ್ಮ. ಒಪ್ಪಂದ ಮಾಡ್ಕೊಂಡು ಕೊಟ್ಟರು. ಇವರು ಅದಕ್ಕೆ ಹಣ ಕೊಟ್ಟರು."

"ತೆರ ಕೊಟ್ಟು ತಂದ್ರು ಅನ್ನಿ. ನಮ್ಮ ಅಮ್ಮನ್ನ ನಮ್ಮಪ್ಪ ಹಾಗೇ ತಂದಿದ್ದು. ಆಮೇಲೆ ತವರಿನವರು ವಾಪಸ್ ಕರೆಸಿಕೊಂಡ್ರಾ?"

"ಹೇಗೆ ಕರೆಸಿಕೊಳ್ತಾರೆ? ಈ ಕಂಪನಿಯವರೇ ಇಟ್ಕೊಂಡು, ಎಳೆದು, ತಿದ್ದಿ, ಬ್ಯಾಟರಿ ಹಾಕಿ..." ಪಶುಪತಿಯವರು ಅಲ್ಲಿಗೆ ನಿಲ್ಲಿಸಿದರು.

"ಒಂದು ಮನೆಯಿಂದ ಕೊಟ್ಟ ಹೆಣ್ಣು ಇನ್ನೊಂದು ಮನೇಲಿ ಹಡೆದ ಮಗು, ತವರುಮನೇಲಿ ಹುಟ್ಟಿದ ಹುಡುಗಿಗೆ ಏನಾಗಬೇಕು?"

ಉತ್ತರ ಬಂದದ್ದು ವಾಗ್ದೇವಿಯವರಿಂದ. "ಅತ್ತೆ ಮಗ," ಎಂದರು. ಮೆಲ್ಲಗೆ ಹೇಳಿದರೂ ಕರಡಿನಲ್ಲಿ ತಪ್ಪು ಸಿಕ್ಕಾಗಿನ ಖಚಿತತೆ ಆ ದನಿಯಲ್ಲಿತ್ತು.

"ಮತ್ತೆ?" ಎಂದರು ತುಂಗಮ್ಮ. "ಅತ್ತೆ ಮಗನಿಗೆ ಹೆಣ್ಣು ಕೊಡಬಾರದು ಅಂತ ಯಾವ ಊರಲ್ಲಿದೆ? ಕೊಡದೇ ಇದ್ರೆ ಜಗಳ ಆಗುತ್ತೆ."

ಪಶುಪತಿಯವರು ಕಾರಿಗೆ ಒಂದು ಸುತ್ತು ಬಂದರು. ಖುಷಿಯಿಂದಲ್ಲ, ಲೆಕ್ಕದಲ್ಲಿ ಎಲ್ಲಾದರೂ ಜಾರಿದೆಯೇ ಎಂದು ನೋಡುವವರ ಹಾಗೆ. ಹಿಂದಿನ ದೀಪದ ಬಳಿ ನಿಂತು, "ತಳ ಹೆಣ್ಣು ಅಂತ ಯಾರು ಹೇಳಿದ್ದು?" ಎಂದು ಕೇಳಿದರು.

"ಇನ್ನೇನು ಗಂಡಾ? ಕೆಳಗಿದ್ದು ಹೊರೋದೆಲ್ಲ ಅದು, ಹೆಸರು ಮಾತ್ರ ಮೇಲಿನವರದ್ದು."

ಅವರು ಇನ್ನೊಂದು ಸುತ್ತು ಬಂದರು. ನಾನು ಸುಧನ್ವನನ್ನು ನೋಡಿದೆ. ಅವನು ಬೆರಳು ಮಡಿಸುತ್ತ ಸಂಬಂಧ ಎಣಿಸುತ್ತಿದ್ದ. ಪಶುಪತಿಯವರು ಮುಂದಿನ ಚಕ್ರದ ಬಳಿ ಮತ್ತೆ ನಿಂತರು. "ಹಾಗಾದ್ರೆ ತಾವರೆಯೂ ಗರಿಕೆಯೂ?"

"ಅವು ಒಂದೇ ಮನೇಲೇ ಹುಟ್ಟಿ ಅಲ್ಲೇ ಬೆಳೆದವು. ಅಕ್ಕ ತಂಗಿ. ನಡೆಯಲ್ಲ," ಎಂದರು ತುಂಗಮ್ಮ. "ನಾನೇನು ಬಾಯಿಗೆ ಬಂದ ಹಾಗೆ ಹೇಳ್ತಾ ಇಲ್ಲ ಬೀಗರೇ. ನಿಮ್ಮ ಹಾಗೇ ನಂಗೂ ಲೆಕ್ಕ ಇದೆ."

ಈ ಮಾತೇ ಅವರನ್ನು ಒಪ್ಪಿಸಿತೆಂದು ನನ್ನ ಅಂದಾಜು. "ಇಷ್ಟು ವರ್ಷದಲ್ಲಿ ಯಾರೂ ಹೀಗೆ ಕೇಳ್ಲೇ ಇಲ್ಲ," ಎಂದರು.

"ಇಷ್ಟು ವರ್ಷದಲ್ಲಿ ಯಾರೂ ನನ್ನನ್ನ ಕಾರಲ್ಲಿ ಮುಂದೆ ಕೂರಿಸಿರ್ಲಿಲ್ಲ," ಎಂದು ತುಂಗಮ್ಮ ಬಾಗಿಲು ಎಳೆದುಕೊಂಡರು. "ನಡಿಯೋ ಸುಧನ್ವ, ಆರತಿ ತಟ್ಟೇಲಿ ನೀರು ಆರಿಹೋಗುತ್ತೆ."

ಕೆರೆ ಸುತ್ತು ಮುಗಿಸಿ ಹಿಂದಿರುಗುವಾಗ ಪಶುಪತಿಯವರು ಉಬ್ಬಿನ ಮೇಲೇ ಎರಡೂ ಪಾದ ಇಟ್ಟುಕೊಂಡಿದ್ದರು. ಮೊಣಕಾಲು ಗಲ್ಲಕ್ಕೆ ತಾಗುವಂತಿತ್ತು. ದಾರಿಯಲ್ಲಿ ಒಮ್ಮೆ ಮಾತ್ರ ಬಾಯಿ ಬಿಟ್ಟರು. "ಗೆರೆ ಮಾತ್ರ ಚೆನ್ನಾಗಿದೆ ಕಣೋ. ಈ ತಳದ ಮೇಲೆ ಇಂಥ ಗೆರೆ ಎಳೆದಿದಾನೆ ಅಂದ್ರೆ ಅವನ ಕೈಗೆ ಎರಡು ಮುತ್ತಿಡಬೇಕು."

ಮನೆಯ ಮುಂದೆ ಬೀದಿಯವರೆಲ್ಲ ನೆರೆದಿದ್ದರು. ಪಶುಪತಿಯವರ ಹೆಂಡತಿ ಕಮಲಾಕ್ಷಮ್ಮ ಆರತಿ ತಟ್ಟೆ ಹಿಡಿದು ಮೆಟ್ಟಿಲ ಮೇಲಿದ್ದರು, ಪಕ್ಕದಲ್ಲಿ ಇಳಾ. ತಂದೆ ಇಳಿಯುತ್ತಲೇ ಅವಳ ಕಣ್ಣು ಹೋದದ್ದು ಅವರ ಬೆನ್ನಿಗೆ.

"ಅಪ್ಪಾ, ಪಂಚೆಗೇನಾಯ್ತು?"

ಅವರು ಕಾರಿನ ಬಾಗಿಲು ಹಾಕಿ, ಬೀದಿಗೆಲ್ಲ ಕೇಳುವಂತೆ ಹೇಳಿದರು: "ತಳ ಒಂದೇ."

ಕಮಲಾಕ್ಷಮ್ಮನ ತಟ್ಟೆ ವಾಲಿ ಆರತಿ ನೀರು ಮೆಟ್ಟಿಲಿಗೆ ಚೆಲ್ಲಿತು. ಇಳಾ ಅಲ್ಲಾಡಲಿಲ್ಲ. ಸುಧನ್ವನನ್ನೂ ನೋಡಲಿಲ್ಲ, ತಂದೆಯನ್ನೇ ನೋಡುತ್ತಿದ್ದಳು. ವಾಕ್ಯ ಇನ್ನೂ ಮುಗಿದಿಲ್ಲವೆಂಬುದು ಅವರ ಬಾಯಿ ನೋಡಿಯೇ ಅವಳಿಗೆ ತಿಳಿದಿರಬೇಕು. ಇಷ್ಟು ವರ್ಷ ಅವರು ತಮ್ಮ ಅಂಕಣವನ್ನು ಅವಳಿಗೇ ಮೊದಲು ಓದಿ ಹೇಳುತ್ತಿದ್ದರು.

"ತಳ ಒಂದೇ, ಮನೆ ಬೇರೆ," ಎಂದರು ಪಶುಪತಿ. "ಗರಿಕೆ ಮನೆಯವರು ತೆರ ತಗೊಂಡು ಕೊಟ್ಟ ತಳ. ಅದು ಹೋಗಿ ಸೇರಿದ ಮನೇಲಿ ಹುಟ್ಟಿದ್ದು ಮಿಂಚುಳ್ಳಿ. ಹುಡುಗ ಅತ್ತೆ ಮಗ ಆಗ್ತಾನೆ. ಇದು ಹುಟ್ಟಾ ಎಲೆಕ್ಟ್ರಿಕ್ ಅಂತ ನಾನು ಬರೆದಿದ್ದು ತಪ್ಪು. ಹಿಂದಿನ ಸೀಟಲ್ಲಿ ಕೂತು ನೋಡಿರಲಿಲ್ಲ."

ಬೀದಿಯಲ್ಲಿ ಗುಜುಗುಜು ಎದ್ದಿತು. ಹಾಗೂ ಉಂಟೇ ಎಂದು ಯಾರೋ ಕೇಳಿದರು. ಕೊಟ್ಟ ಹೆಣ್ಣು ಎಂಬ ಮಾತು ಬಾಯಿಂದ ಬಾಯಿಗೆ ಹೋಗಿ ಬೀದಿಯ ಕೊನೆ ಮುಟ್ಟಿತು; ಅಲ್ಲಿದ್ದ ಒಬ್ಬಾತ ತನ್ನ ಕಾರಿನ ಕಡೆ ತಿರುಗಿ ನೋಡಿದ್ದನ್ನು ನಾನು ಕಂಡೆ. ಇಳಾ ಇನ್ನೂ ತಂದೆಯನ್ನೇ ನೋಡುತ್ತಿದ್ದಳು.

"ಹಿಂದೆ ಕೂರದೇ ಶಿಫಾರಸು ಮಾಡಿದೆಯಾ ಅಪ್ಪಾ? ಉಬ್ಬು ನೋಡಿ ಉಬ್ಬು ನೋಡಿ ಅಂತ ಊರಿಗೆಲ್ಲ ಬೋಧನೆ ಮಾಡಿ?"

"ಆಯ್ತಮ್ಮ."

"ನನ್ನ ಹತ್ರ ಒಂದು ಮಾತು ಕೇಳಿದ್ರೆ ನಾನೇ ಕೂತು ನೋಡ್ತಿದ್ದೆ."

"ಕೇಳೋದಕ್ಕೆ ನೀನು ವಿಷಯ ಹೇಳಿದ್ದಿದ್ರೆ ತಾನೇ?"

ಅವಳು ನಗುವುದೋ ಅಳುವುದೋ ತಿಳಿಯದೆ ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದಳು. ಕೊನೆಗೆ ಸುಧನ್ವನ ಕಡೆ ತಿರುಗಿ, "ಇಷ್ಟೆಲ್ಲ ಒದ್ದಾಡಿ ಕಡೆಗೆ ಅತ್ತೆ ಮಗನ್ನೇ ಕಟ್ಟಿಕೊಳ್ಳೋ ಹಾಗಾಯ್ತಲ್ಲ" ಎಂದಳು. ತುಂಗಮ್ಮ ಕಮಲಾಕ್ಷಮ್ಮನ ಕೈಯಿಂದ ತಟ್ಟೆ ತೆಗೆದುಕೊಂಡು, ಒಳಗಿಂದ ಬೇರೆ ನೀರು ತರಿಸಿ, ಕರ್ಪೂರ ತಾವೇ ಹಚ್ಚಿದರು.

ಉಪ್ಪಿಟ್ಟು ಕಾಫಿಯ ಹೊತ್ತಿನಲ್ಲಿ ನಾನು ಹಜಾರದ ಮೂಲೆಯಲ್ಲಿ ನಿಂತಿದ್ದೆ. ವಾಗ್ದೇವಿ ಶಲ್ಯ ಹಿಂದಿರುಗಿಸುವ ನೆಪದಲ್ಲಿ ಪಶುಪತಿಯವರ ಬಳಿ ಹೋದರು. ಅವರ ದನಿ ಎಂದಿನಷ್ಟೇ ತಣ್ಣಗಿತ್ತು.

"ಸರ್, ಬಂಡೆಯೂ ಪಲ್ಲಕ್ಕಿಯೂ ಒಂದೇ ಮನೇಲಿ ಹುಟ್ಟಿದ್ದಾ?"

ನಾನು ಉಪ್ಪಿಟ್ಟಿನಲ್ಲಿ ಕರಿಬೇವು ಹುಡುಕತೊಡಗಿದೆ. ಪಶುಪತಿಯವರು ಕಾಫಿ ಲೋಟ ಕೆಳಗಿಟ್ಟರು. ಅವರ ಕಣ್ಣು ನನ್ನತ್ತ ಬಂದು ಹೋದದ್ದು ತಲೆ ತಗ್ಗಿಸಿಯೂ ನನಗೆ ತಿಳಿಯಿತು.

"ಕಂಪನಿ ಬೇರೆ ಅಂತ ನೆನಪು," ಎಂದರು. "ಆದರೆ ಯಾರು ಯಾರಿಗೆ ಕೊಟ್ಟರು, ಕೊಟ್ಟರೋ ಅಥವಾ ಇಬ್ಬರೂ ಸೇರಿ ಕಟ್ಟಿದರೋ, ನೋಡಬೇಕು. ಸೇರಿ ಕಟ್ಟಿದ್ದಾದ್ರೆ ಒಂದೇ ಮನೆ ಲೆಕ್ಕ. ನೋಡದೇ ಹೇಳೋ ಅಭ್ಯಾಸ ಇವತ್ತಿಗೆ ಬಿಟ್ಟೆನಮ್ಮ. ನಾಳೆ ಅಂಕಣದಲ್ಲೇ ಬರೀತೀನಿ."

"ಅಂಕಣದಲ್ಲೇ ಯಾಕೆ ಸರ್?"

"ಅಂಕಣದಲ್ಲೇ ತಪ್ಪು ಮಾಡಿರೋದು. ಸರಿಯಾಗಿ ಹೇಳೋದೂ ಅಲ್ಲೇ ಆಗ್ಲಿ."

ಸೋಮವಾರ ಅಂಕಣ ಎಂದಿಗಿಂತ ತಡವಾಗಿ ಬಂತು. ನಾನು ಅದನ್ನು ಓದದೆ ನೇರವಾಗಿ ಕರಡಿಗೆ ಕಳಿಸಿದೆ. ಇಪ್ಪತ್ತು ವರ್ಷದ ನೌಕರಿಯಲ್ಲಿ ಅಂಥದ್ದು ಮಾಡಿದ್ದು ಅದೇ ಮೊದಲು. ವಾಗ್ದೇವಿ ಅದನ್ನು ಮುಂದಿಟ್ಟುಕೊಂಡು ಪೆನ್ನಿನ ಮುಚ್ಚಳ ತೆಗೆದರು. ನಾನು ಬೇರೆ ಸುದ್ದಿಯೊಂದರ ತಲೆಬರಹ ಬರೆಯುತ್ತಿದ್ದೆ. ಪುರಸಭೆಯ ನೀರಿನ ಕೊಳವೆಯ ಸುದ್ದಿ ಅದು. ತಲೆಬರಹ ಎಷ್ಟು ಬರೆದರೂ ಕೂರುತ್ತಿರಲಿಲ್ಲ. ಎದುರು ಮೇಜಿನಲ್ಲಿ ಪುಟ ತಿರುವಿದ ಸದ್ದಾಯಿತು.

ಕುರ್ಚಿ ಸರಿಯಿತು. ವಾಗ್ದೇವಿ ಎದ್ದು ಬಂದು ಕರಡನ್ನು ನನ್ನ ಮುಂದಿಟ್ಟು, ಕೊನೆಯ ಪ್ಯಾರಾದ ಮೇಲೆ ಬೆರಳಿಟ್ಟರು. ಬಂಡೆಯ ತಳವನ್ನು ಪಲ್ಲಕ್ಕಿ ಕಂಪನಿಯವರು ಕಟ್ಟಿ, ಒಪ್ಪಂದದ ಮೇಲೆ ಕೊಟ್ಟದ್ದು, ಸೇರಿ ಕಟ್ಟಿದ್ದಲ್ಲ ಎಂದು ಅಲ್ಲಿತ್ತು. ಕೆಳಗೆ ಪಶುಪತಿಯವರ ಸಹಿ.

"ರೀ," ಎಂದರು ವಾಗ್ದೇವಿ, "ಇಲ್ಲೇನಾದ್ರೂ ತಪ್ಪಿದೆಯಾ ನೋಡಿ."

ನೋಡಿದೆ. ತಪ್ಪಿರಲಿಲ್ಲ. ಅಂದಿನ ಪುಟ ಎಂದಿನಂತೆ ಸಂಜೆ ಆರಕ್ಕೆ ಅಚ್ಚಿಗೆ ಹೋಯಿತು.